118, 124, 121

ಕೋಲಾರದಲ್ಲಿ ಟೈಪ್ 1 ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ಹಾಕಿಕೊಳ್ಳುವುದನ್ನು ಕಲಿಸುವ ನರ್ಸ್ ನಾನು. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ತಿಂಗಳಿಗೊಮ್ಮೆ ಬರುವ ಮಕ್ಕಳು ನಡುವೆ ಒಂಟಿಯಾಗಬಾರದೆಂದು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ತಿಂಡಿಗೆ ಮುಂಚೆ ಶುಗರ್ ನೋಡಿ ಅದರಲ್ಲಿ ಹಾಕಬೇಕು. 120 ಬಂದರೆ ಚಪ್ಪಾಳೆ, 290 ಬಂದರೆ ನನ್ನ ಬುದ್ಧಿಮಾತು.

ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ದಿನವೂ ತಪ್ಪಿಸಲಿಲ್ಲ. 118, 124, 121. ಆದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 11 ದಾಟಿತ್ತು. ಶುಗರ್ ದಿನವೂ 120ರ ಸುತ್ತ ಇದ್ದವರಿಗೆ ಅಷ್ಟು ಬರುವುದಿಲ್ಲ. ಅವಳ ಶುಗರ್ ಮೀಟರಿನ ಮೆಮೊರಿ ತೆಗೆದು ನೋಡಿದೆ. ವಾರಕ್ಕೆ ಎರಡೇ ರೀಡಿಂಗ್, ಎರಡೂ 250ರ ಮೇಲೆ.

"ಎಲ್ಲರ ಮುಂದೆ ಬೈಸಿಕೊಳ್ಳಕ್ಕಾಗಲ್ಲ ಅಕ್ಕಾ. ಫೋನು ಅಮ್ಮಂದು, ನೀವು ಹಾಕಿದ್ದನ್ನ ಮನೇಲೆಲ್ಲ ಓದಿ ಹೇಳ್ತಾರೆ" ಅಂದಳು. ಆ ಸುಳ್ಳು ಹೇಳಿಸಿದವಳು ನಾನೇ.

ಗ್ರೂಪ್ ಮುಚ್ಚಿದೆ. ಯಾವ ಹೊತ್ತಿಗೆ, ಯಾವುದರ ಬಗ್ಗೆ, ಯಾರ ಫೋನಿಗೆ ಮೆಸೇಜ್ ಬೇಕು ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಅವಳ ಕಷ್ಟವೇ ಬೇರೆ ಇತ್ತು. ಕಾಲೇಜಿನಲ್ಲಿ ಮಧ್ಯಾಹ್ನದ ಇನ್ಸುಲಿನ್ ಎಲ್ಲಿ ಹಾಕಿಕೊಳ್ಳುವುದು? ಟಾಯ್ಲೆಟ್ಟಿನಲ್ಲಿ ಹೇಸಿಗೆ, ಕ್ಲಾಸಿನಲ್ಲಿ ನಾಚಿಕೆ. ಹಾಗಾಗಿ ಆ ಡೋಸನ್ನೇ ಬಿಡುತ್ತಿದ್ದಳು. ಲೈಬ್ರರಿ ಮೇಡಂ ಹತ್ತಿರ ಮಾತಾಡಿ ಅಲ್ಲೇ ಒಂದು ಮೂಲೆ ಗೊತ್ತುಮಾಡಿದೆವು. ಅಣ್ಣ ತನ್ನ ಹಳೇ ಫೋನ್ ಕೊಟ್ಟ. ಈಗ 12.50ಕ್ಕೆ "ಲೈಬ್ರರಿ?" ಅಂತಷ್ಟೇ ಕಳಿಸುತ್ತೇನೆ. ಪಕ್ಕದಲ್ಲಿ ಕೂತವರು ಓದಿದರೂ ಏನೂ ತಿಳಿಯುವುದಿಲ್ಲ.

ಮೆಸೇಜ್ ಎಷ್ಟು ಮಾಡಬಲ್ಲದು ಅನ್ನುವುದಕ್ಕೂ ಮಿತಿಯಿದೆ. ಸ್ಕಾಟ್ಲೆಂಡಿನಲ್ಲಿ 'ಸ್ವೀಟ್ ಟಾಕ್' ಅಂತ 92 ಮಕ್ಕಳನ್ನು ಗುಂಪು ಮಾಡಿ, ಕೆಲವು ಗುಂಪಿಗೆ ಎಸ್‌ಎಂಎಸ್ ಕಳಿಸಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹಳೆಯ ಇನ್ಸುಲಿನ್ ಕ್ರಮದಲ್ಲೇ ಉಳಿದವರಿಗೆ ಮೆಸೇಜಿನಿಂದ ಎಚ್‌ಬಿಎ1ಸಿ ಇಳಿಯಲಿಲ್ಲ. ಕಾಯಿಲೆಯನ್ನು ತಾವೇ ನಿಭಾಯಿಸಬಲ್ಲೆವು ಅನ್ನುವ ಧೈರ್ಯ ಹೆಚ್ಚಿತು. ಇನ್ಸುಲಿನ್ ಚಿಕಿತ್ಸೆಯನ್ನೂ ಬಿಗಿಮಾಡಿದ ಗುಂಪಿನಲ್ಲಿ ಮಾತ್ರ ಇಳಿಯಿತು. ಅದಕ್ಕೇ ನಿಜವಾದ ರೀಡಿಂಗ್‌ಗಳನ್ನು ಡಾಕ್ಟರ ಮುಂದಿಟ್ಟು ಡೋಸ್ ಬದಲಿಸಿಕೊಂಡೆವು. ಶುಗರ್ 70ಕ್ಕಿಂತ ಇಳಿದರಂತೂ ಮೆಸೇಜಿಗೆ ಕಾಯಬೇಡಿ, ಮೊದಲು ಮೂರು ಟೀ ಚಮಚ ಸಕ್ಕರೆ, ಆಮೇಲೆ ಫೋನು ಅಂತ ಎಲ್ಲ ಮಕ್ಕಳಿಗೂ ಹೇಳಿದ್ದೇನೆ.

ಮಾವಿನ ಕಾಲದಲ್ಲಿ ಒಂದು ರಾತ್ರಿ ಅವಳ ಮೆಸೇಜ್ ಬಂತು: "ಅಕ್ಕಾ, ಬಾದಾಮಿ ಹಣ್ಣು ಪೂರ್ತಿ ತಿಂದೆ. 312."

"ಯಾಕಮ್ಮ ತಿಂದೆ" ಅಂತ ಬರೆದವಳು ಅಳಿಸಿದೆ. "ವಾಂತಿ ಇಲ್ಲ ತಾನೆ? ಊಟದ ಇನ್ಸುಲಿನ್ ಹಾಕಿಕೊಂಡ್ಯಾ? ನೀರು ಕುಡಿ, ಎರಡು ಗಂಟೆ ಬಿಟ್ಟು ನೋಡಿ ಹೇಳು."

ಹತ್ತೂವರೆಗೆ ಬಂತು: "204."