ಮೊಬೈಲ್‌ನಲ್ಲಿ ಪಿಟಿ ಪಿರಿಯಡ್

ಮೊಬೈಲ್‌ನಲ್ಲಿ ಪಿಟಿ ಕ್ಲಾಸ್ ತಗೊಂಡಿದ್ದೆ ಅಂದರೆ ಈಗಿನ ಮಕ್ಕಳು ನಗುತ್ತಾರೆ. ಆದರೆ 2020ರ ಆಗಸ್ಟ್‌ನಲ್ಲಿ ಅದೇ ನನ್ನ ಕೆಲಸವಾಗಿತ್ತು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ನಾನು ಪಿಟಿ ಮಾಸ್ತರ. ಶಾಲೆ ಬಂದ್, ಮೈದಾನದ ಗೇಟಿಗೆ ಕೀಲಿ. ಆದರೂ ಗ್ರೇಡ್ ಕೊಡಬೇಕಲ್ಲ, ಹಾಗಾಗಿ ಮಕ್ಕಳು ವ್ಯಾಯಾಮದ ವಿಡಿಯೊ ಕಳಿಸಬೇಕು ಎಂದು ಆಫೀಸಿನವರು ಹೇಳಿದರು.

ಬಂದವು. ವಿದ್ಯಾನಗರದ ಹುಡುಗ ಅಪ್ಪನ ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದ. ಕೇಶ್ವಾಪುರದ ಹುಡುಗಿ ಟೆರೇಸ್ ಮೇಲೆ ಹೊಸ ಮ್ಯಾಟ್ ಹಾಸಿ ಸೂರ್ಯ ನಮಸ್ಕಾರ ಮಾಡಿದ್ದಳು, ಚೆನ್ನಾಗಿಯೇ ಮಾಡಿದ್ದಳು. ಹಳೇ ಹುಬ್ಬಳ್ಳಿಯ ಒಬ್ಬ ಮಾತ್ರ ನಿಂತಲ್ಲೇ ಕೈ ಬೀಸಿ ಮುಗಿಸಿದ್ದ. ಫೋನ್ ಮಾಡಿ ಜಂಪಿಂಗ್ ಎಲ್ಲೋ ಅಂದೆ. ‘ಮ್ಯಾಲಿನ ಮನಿ ಐತ್ರೀ ಸರ್, ಜಿಗಿದ್ರ ಮಾಲಕರು ಬೈತಾರ್ರೀ’ ಅಂದ. ಏನು ಹೇಳೋದು?

ನನ್ನ ಖೋ ಖೋ ಹುಡುಗಿಯರಲ್ಲಿ ಜಾಸ್ತಿ ಜನರ ವಿಡಿಯೊ ಬರಲೇ ಇಲ್ಲ. ತಂಡದಲ್ಲೇ ಚುರುಕಾದವಳ ಮನೆಗೆ ಒಂದು ಮಧ್ಯಾಹ್ನ ಮಾಸ್ಕ್ ಹಾಕಿಕೊಂಡು ಹೋದೆ. ಮನೆಗಿರುವುದು ಒಂದೇ ಮೊಬೈಲ್, ಅದು ಅಪ್ಪನ ಕಿಸೆಯಲ್ಲಿ, ಅಪ್ಪ ಅಮರಗೋಳ ಎಪಿಎಂಸಿಯಲ್ಲಿ ಹಮಾಲಿ. ಅವ್ವ ಮನೆಗೆಲಸಕ್ಕೆ ಹೋಗುತ್ತಿದ್ದ ಮನೆಗಳವರು ಕೊರೊನಾ ಹೆದರಿಕೆಗೆ ಬರಬೇಡ ಅಂದಿದ್ದರಂತೆ. ಅದಕ್ಕೆ ತಾಯಿ ಮಗಳು ಕೂತು ಮಾರಲು ಜೋಳದ ರೊಟ್ಟಿ ಮಾಡುತ್ತಿದ್ದರು. ‘ಮುಂಜಾನಿಂದ ರೊಟ್ಟಿ ಬಡಿಯಾಕತ್ತಾಳ್ರೀ, ಮತ್ತೇನು ವ್ಯಾಯಾಮ ಬೇಕ್ರೀ ಸರ್’ ಎಂದು ತಾಯಿ ನಕ್ಕರು. ಹುಡುಗಿ ನಗಲಿಲ್ಲ. ‘ಗ್ರೌಂಡ್ ಯಾವಾಗ ತಗೀತಾರ್ರೀ’ ಎಂದಷ್ಟೇ ಕೇಳಿದಳು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೊಟ್ಟಿ ಬಡಿದರೂ ಮೈ ದಣಿಯುತ್ತದೆ, ಸರಿ. ಆದರೆ ಅದು ಆಟ ಅಲ್ಲ, ಅಲ್ವಾ? ಖೋ ಖೋಗೆ ದುಡ್ಡು ಬೇಕಿಲ್ಲ. ಎರಡು ಕಂಬ, ಒಂದಿಷ್ಟು ನೆಲ, ಸಾಲಾಗಿ ಕೂರಲು ಎಂಟು ಜನ, ಬೆನ್ನಟ್ಟಲು ಒಬ್ಬಳು, ಓಡಲು ಎದುರಿನವರು. ಅಂದರೆ ಜನ ಬೇಕು, ಎಲ್ಲರಿಗೂ ಸೇರಿದ ಜಾಗ ಬೇಕು. ಕೊರೊನಾದಲ್ಲಿ ಬಂದ್ ಆಗಿದ್ದು ಸರಿಯಾಗಿ ಅವೆರಡೇ. ಟ್ರೆಡ್‌ಮಿಲ್‌ಗೆ ದುಡ್ಡು ಬೇಕು, ಆದರೆ ಇನ್ನೊಬ್ಬರು ಬೇಕಿಲ್ಲ. ಆಗಸ್ಟ್ 5ರಿಂದ ಜಿಮ್ ತೆರೆಯಲು ಕೇಂದ್ರ ಸರ್ಕಾರ ಒಪ್ಪಿತು. ಫೀ ಕಟ್ಟಿದವರು ಎಸಿ ರೂಮಿನೊಳಗೆ ಬೆವರು ಸುರಿಸಬಹುದು, ಗಾಳಿ ಬೆಳಕು ಇರುವ ನಮ್ಮ ಮೈದಾನಕ್ಕೆ ಮಾತ್ರ ಕೀಲಿ! ಸೋಂಕಿನ ಹೆದರಿಕೆ ನನಗೂ ಇತ್ತು, ಇಲ್ಲ ಅನ್ನಲ್ಲ. ಆದರೂ ಈ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಗ್ರೇಡ್ ಹಾಕುವ ದಿನ ಆ ಹುಡುಗಿಗೂ, ನಿಂತಲ್ಲೇ ಕೈ ಬೀಸಿದವನಿಗೂ ‘ಎ’ ಹಾಕಿದೆ. ವಿಡಿಯೊ ಎಲ್ಲಿ ಎಂದು ಆಫೀಸಿನಲ್ಲಿ ಕೇಳಿದರು. ನೆಟ್‌ವರ್ಕ್ ಪ್ರಾಬ್ಲಂ ಎಂದು ಬರೆದು ಸಹಿ ಮಾಡಿದೆ.