ಕರಿ ಒಂದರ ಷಡ್ಜ ಎಲ್ಲಿ ಹೋಯಿತು?

ರಾಯಚೂರು, 12 ಏಪ್ರಿಲ್ 2025, ಶನಿವಾರ

ಇವತ್ತು ಹಾಡು ಕೇಳಲು ಸ್ಪೀಕರ್ ಹೊಂದಿಸಿದ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಕೆಳಗೆ ಪರಸಿ ಕಲ್ಲು, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಸಿಮೆಂಟು ಗೋಡೆ. ನಟ್ಟನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದರ ಬೆನ್ನಿಗೇ ‘ಝಣ್’ ಎಂಬ ಬಾಲ ಬರುತ್ತದೆ. ನಮ್ಮ ಕಡೆಯ ಹೊಸ ಮನೆಗಳ ಪಡಸಾಲೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇವೆ. ಯಾವ ಸ್ಪೀಕರ್ ತರಲಿ ಎಂದು ಕೇಳುವ ಮೊದಲು ಈ ಬಾಲವನ್ನು ಕೇಳಿಸಿಕೊಳ್ಳಬೇಕು. ಹಾಡುವವರ ಒಂದೊಂದು ಸ್ವರಕ್ಕೂ ಅದು ಅಂಟಿಕೊಂಡೇ ಬರುತ್ತದೆ.

ಕೋಣೆಯಲ್ಲಿ ಆಗಲೇ ಒಂದು ಜೋಡಿ ಚಿಕ್ಕ ಸ್ಪೀಕರ್ ಇದ್ದವು. ತಗ್ಗಿನ ಸ್ವರಕ್ಕೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಒಂದಿಂಚಿನ ಟ್ವೀಟರ್, ಒಳ್ಳೆಯ ಮಾಲು. ದೂರು ಒಂದೇ: ಗಂಡಸರ ಗಾಯನ ಹಚ್ಚಿದರೆ ದನಿ ತೆಳ್ಳಗಾಗುತ್ತದೆ, ಷಡ್ಜದ, ಅಂದರೆ ಆಧಾರದ ‘ಸ’ ಸ್ವರದ, ಮೇಲೆ ನಿಂತಾಗ ನಿಂತ ಹಾಗೇ ಅನಿಸುವುದಿಲ್ಲ. ಸ್ಪೀಕರ್ ಬದಲಿಸಬೇಕೆಂಬ ಮಾತೂ ನಡೆದಿತ್ತು.

ಟೇಪು ಹಿಡಿದರೆ ವೂಫರಿನ ಮುಖದಿಂದ ಹಿಂದಿನ ಗೋಡೆಗೆ 2 ಅಡಿ 1 ಇಂಚು, ಅಂದರೆ 63 ಸೆಂಟಿಮೀಟರ್. ಈ ಬಿಸಿಲಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್ ಎಂದು ಹಿಡಿಯಬಹುದು. ತಗ್ಗಿನ ಸ್ವರಗಳು ಸ್ಪೀಕರಿನ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದಕ್ಕೆ ಹೋದದ್ದು ಗೋಡೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ 126 ಸೆಂಟಿಮೀಟರ್ ನಡೆದಿರುತ್ತದೆ. ಯಾವ ಸ್ವರಕ್ಕೆ ಆ ದೂರ ಅರ್ಧ ಅಲೆಯಷ್ಟಾಗುತ್ತದೋ ಆ ಸ್ವರದಲ್ಲಿ ಹೋದದ್ದೂ ಬಂದದ್ದೂ ಒಂದನ್ನೊಂದು ನುಂಗುತ್ತವೆ. ಲೆಕ್ಕ ಹಾಕಿದರೆ 139 ಹರ್ಟ್ಜ್, ಅಂದರೆ ಸೆಕೆಂಡಿಗೆ 139 ಕಂಪನ. ಗಾಯಕರ ಷಡ್ಜ ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕರಿ ಮನೆಯಲ್ಲಿ, ಇದ್ದರೆ ಅದು 138.6 ಹರ್ಟ್ಜ್! ಗೋಡೆ ಕದಿಯುತ್ತಿದ್ದದ್ದು ಆ ಸ್ವರವನ್ನೇ, ಇಡೀ ರಾಗ ಯಾವುದರ ಮೇಲೆ ನಿಂತಿದೆಯೋ ಆ ಸ್ವರವನ್ನು. ಇದಕ್ಕೆ ಹೊಸ ಸ್ಪೀಕರ್ ತಂದರೂ ಅಷ್ಟೇ, ಈಕ್ವಲೈಜರ್ ಏರಿಸಿದರೂ ಅಷ್ಟೇ. ಎಷ್ಟು ಏರಿಸುತ್ತೀರೋ ಗೋಡೆಯೂ ಅಷ್ಟನ್ನೇ ತಿರುಗಿ ಕಳಿಸುತ್ತದೆ.

ಸ್ಪೀಕರುಗಳನ್ನು ಮುಂದಕ್ಕೆಳೆದು 3 ಅಡಿ 3 ಇಂಚಿಗೆ ನಿಲ್ಲಿಸಿದ್ದಾಯಿತು. ಈಗ ದನಿ ನುಂಗುವ ಆ ತಗ್ಗು 88 ಹರ್ಟ್ಜ್ ಸುಮಾರಿಗೆ ಇಳಿದಿದೆ. ಕೆಳ ಸ್ಥಾಯಿಯ ‘ಪ’, ಅಂದರೆ ಮಂದ್ರ ಪಂಚಮವೇ 104 ಆದ್ದರಿಂದ ಕಂಠಕ್ಕೆ ಅದರ ಕಾಟ ಕಡಿಮೆ. ಎರಡು ಸ್ಪೀಕರುಗಳ ನಡುವೆ ಐದೂವರೆ ಅಡಿ, ಪಕ್ಕದ ಗೋಡೆಗೆ 2 ಅಡಿ 3 ಇಂಚು. ಪಕ್ಕದ ಗೋಡೆಯ ದೂರ ಮತ್ತು ಹಿಂದಿನ ಗೋಡೆಯ ದೂರ ಎಂದೂ ಒಂದೇ ಇರಬಾರದು, ಇದ್ದರೆ ತಗ್ಗಿನ ಮೇಲೆ ತಗ್ಗು ಬೀಳುತ್ತದೆ. ಕೂರುವ ಜಾಗ ಸ್ಪೀಕರುಗಳ ಸಾಲಿನಿಂದ 6 ಅಡಿ ಮುಂದೆ, ತಲೆಯ ಹಿಂದೆ ಎರಡೂಮುಕ್ಕಾಲು ಅಡಿ ಖಾಲಿ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಬರೀ ಗುಂಯ್‌ ಎನ್ನುವ ಬೇಸ್ ಕೇಳಿಸುತ್ತದೆ.

ಸ್ಟ್ಯಾಂಡಿನ ಎತ್ತರದಲ್ಲಿ ಎಲ್ಲರೂ ಎಡವುತ್ತಾರೆ. ಅಂಗಡಿಯಲ್ಲಿ ಸಿಗುವ 24 ಇಂಚಿನ ಸ್ಟ್ಯಾಂಡು ಸೋಫಾದಲ್ಲಿ ಕೂರುವವರ ಲೆಕ್ಕದ್ದು. ಜಮಖಾನದ ಮೇಲೆ ಕೂತು ಕೇಳುವವರ ಕಿವಿ ನೆಲದಿಂದ 30 ಇಂಚಿನ ಆಸುಪಾಸಿನಲ್ಲಿರುತ್ತದೆ. ಈ ಸ್ಪೀಕರಿನ ಟ್ವೀಟರು ತಳದಿಂದ 11 ಇಂಚು ಮೇಲಿದೆ, ಹಾಗಾಗಿ ಬೇಕಾದ್ದು 19 ಇಂಚು. ಸಿಮೆಂಟು ಇಟ್ಟಿಗೆ ಪೇರಿಸಿ, ಮೇಲೊಂದು ಪರಸಿ ತುಂಡು, ಅದರ ಮೇಲೆ ನಾಲ್ಕು ರಬ್ಬರ್ ಬಿಲ್ಲೆ. ಕಬ್ಬಿಣದ ಪೊಳ್ಳು ಸ್ಟ್ಯಾಂಡಾದರೆ ತೊಳೆದು ಬಿಸಿಲಲ್ಲಿ ಒಣಗಿಸಿದ ಮರಳು ತುಂಬಿ. ಹಸಿ ಮರಳು ಒಳಗಿಂದಲೇ ತುಕ್ಕು ಹಿಡಿಸುತ್ತದೆ.

ಇನ್ನು ಆ ‘ಝಣ್’. ಒಬ್ಬರು ಕೇಳುವ ಜಾಗದಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಬೇಕು. ಕನ್ನಡಿಯಲ್ಲಿ ಟ್ವೀಟರು ಕಂಡ ಜಾಗಕ್ಕೆ ಕೌದಿ ಬರಬೇಕು. ನಮ್ಮ ಅವ್ವಂದಿರು ಹೊಲಿದ ಕೌದಿಗಿಂತ ಒಳ್ಳೆಯ ಸಾಮಾನು ಈ ಕೆಲಸಕ್ಕೆ ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದಿಲ್ಲ. ಹಳೆ ಸೀರೆಗಳ ಪದರದ ಮೇಲೆ ಪದರ, ಒತ್ತೊತ್ತಾದ ಹೊಲಿಗೆ. ಅದನ್ನು ಎರಡು ಮಡಿಕೆ ಮಾಡಿ, ಕಟ್ಟಿಗೆಯ ಪಟ್ಟಿ ಹೊಡೆದು, ಗೋಡೆಯಿಂದ 4 ಇಂಚು ಈಚೆಗೆ ತೂಗುಹಾಕಿ. ಗೋಡೆಗೇ ಅಂಟಿಸಿದರೆ ತುದಿಯ ಚುರುಕನ್ನಷ್ಟೇ ಹೀರುತ್ತದೆ. 4 ಇಂಚು ಬಿಟ್ಟರೆ 900 ಹರ್ಟ್ಜ್‌ ಸುಮಾರಿನಿಂದ ಮೇಲಕ್ಕೆಲ್ಲ ಕೆಲಸ ಮಾಡುತ್ತದೆ, ಮಾತಿನ ಸ್ಪಷ್ಟತೆ ಇರುವುದು ಅಲ್ಲಿಯೇ. ಹಾಗೆಂದು ನಾಲ್ಕೂ ಗೋಡೆಗೆ ಹೊದಿಸಬೇಡಿ. ಮೇಲಿನದ್ದೆಲ್ಲ ಸತ್ತು ಕೆಳಗಿನ ಗುಂಯ್‌ ಮಾತ್ರ ಉಳಿಯುತ್ತದೆ.

ಆ ಗುಂಯ್‌ಗೆ ಕೌದಿ ಸಾಲದು. ಅಗಲವೂ ಎತ್ತರವೂ 10 ಅಡಿಯೇ ಆದ್ದರಿಂದ ಎರಡೂ 57 ಹರ್ಟ್ಜ್‌ನಲ್ಲಿ ಒಟ್ಟಿಗೆ ದನಿಯನ್ನು ಉಬ್ಬಿಸುತ್ತವೆ. ತಬಲಾ ಜೋಡಿಯ ಎಡಗೈ ವಾದ್ಯ ಡಗ್ಗಾದ ಮೀಂಡು ಜಾರುವ ಬದಲು ಒಂದೇ ಸ್ವರದಲ್ಲಿ ಗುದ್ದಿದಂತಾಗುವುದು ಇದರಿಂದ. ಮೂಲೆಗಿಟ್ಟ ಹತ್ತಿ ಗಾದಿಯಿಂದಲೂ ಅಷ್ಟು ತಗ್ಗಿನಲ್ಲಿ ಉಪಯೋಗ ಅಷ್ಟಕ್ಕಷ್ಟೇ. ಸ್ಪೀಕರಿನ ಹಿಂದಿನ ಪೋರ್ಟಿಗೆ, ಅಂದರೆ ಗಾಳಿಕಿಂಡಿಗೆ, ದಪ್ಪ ಕಾಲುಚೀಲ ಸುರುಳಿ ಮಾಡಿ ತುರುಕಿ, ಬಾಗಿಲು ತೆರೆದಿಟ್ಟರೆ ತಕ್ಕಮಟ್ಟಿಗೆ ಹದಕ್ಕೆ ಬರುತ್ತದೆ. ಇಂಥ ಕೋಣೆಗೆ ಬೇಸಿಗೆಂದೇ ಇರುವ ಸಬ್‌ವೂಫರ್ ಕೊಳ್ಳುವುದು ನಮ್ಮ ಮಟ್ಟಿಗೆ ದುಡ್ಡು ಕೊಟ್ಟು ತೊಂದರೆ ತಂದಂತೆ.

ಈಗ ಕೊಳ್ಳುವ ಮಾತು. ನಮ್ಮದು ಮಾತಿನ ಮೇಲೆ ನಿಂತ ಸಂಗೀತ. ಮಾನ್ವಿಯ ಜಗನ್ನಾಥದಾಸರ ಪದವಿರಲಿ, ವಚನವಿರಲಿ, ಏಕತಾರಿ ಹಿಡಿದು ಹಾಡುವ ತತ್ವಪದವಿರಲಿ, ಅಕ್ಷರ ಕಿವಿಗೆ ಬೀಳದಿದ್ದರೆ ಎದೆಗೆ ಇಳಿಯುವುದೇ ಇಲ್ಲ. ಈ ಊರಿನ ರಂಗಮಂದಿರಕ್ಕೆ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ; ಅಂಥವರ ದನಿಯನ್ನು ಮನೆಗೆ ಕರೆಯುವ ಯಂತ್ರಕ್ಕೆ ಮೊದಲ ಪರೀಕ್ಷೆ ಬೇಸೂ ಅಲ್ಲ, ಅಬ್ಬರವೂ ಅಲ್ಲ, ತಂಬೂರಿ.

ತಂಬೂರಿಯಲ್ಲಿ ತಂತಿಗಳನ್ನು ಹೊತ್ತಿರುವ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿ ದಾರದ ಒಂದು ಎಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದಾಗ ಒಂದು ಜಾಗದಲ್ಲಿ ನಾದ ತಟ್ಟನೆ ಅರಳುತ್ತದೆ, ಅದೇ ಜವಾರಿ. ಖರ್ಜದ, ಅಂದರೆ ಕೆಳ ಸ್ಥಾಯಿಯ ಷಡ್ಜದ, ತಂತಿ ಮೀಟಿದಾಗ ಅದರೊಳಗಿಂದ ಯಾರೂ ಮೀಟದ ಗಾಂಧಾರ ಹೊರಡುತ್ತದೆ. ಅದು ಐದನೆಯ ಉಪಸ್ವರ, ಅಂದರೆ ಆ ತಂತಿಯ ಮೂಲ ಕಂಪನದ ಐದು ಪಟ್ಟು, ಕರಿ ಒಂದರಲ್ಲಿ 346 ಹರ್ಟ್ಜ್‌. ಉಳಿದ ಉಪಸ್ವರಗಳು ಸಾವಿರಾರು ಹರ್ಟ್ಜ್‌ವರೆಗೆ ಏರುತ್ತವೆ. ವೂಫರು ಕೆಲಸ ಬಿಟ್ಟು ಟ್ವೀಟರು ವಹಿಸಿಕೊಳ್ಳುವ 2ರಿಂದ 3 ಸಾವಿರ ಹರ್ಟ್ಜ್‌ನ ಕೂಡಿಕೆ ಕೆಟ್ಟದಾಗಿದ್ದರೆ ಜವಾರಿ ಅಲ್ಲಿ ತುಂಡಾಗಿ, ಝೇಂಕಾರವೊಂದು ಕಡೆ, ಚರಚರ ಇನ್ನೊಂದು ಕಡೆ ಆಗುತ್ತದೆ. ಹಾಡು ಶುರುವಾಗುವ ಮುಂಚಿನ ಅರ್ಧ ನಿಮಿಷದ ತಂಬೂರಿಯನ್ನು ಅಂಗಡಿಯಲ್ಲಿ ಕೇಳಿ. ಹಾಡು ಬಂದ ಮೇಲೂ ದನಿಯ ಹಿಂದೆ ಅದು ಬಿಡದೆ ಕೇಳಿಸುತ್ತಿದ್ದರೆ ಆ ಸ್ಪೀಕರ್ ಪಟ್ಟಿಯಲ್ಲಿರಲಿ.

ಎರಡು ಜೋಡಿ ಹೋಲಿಸುವಾಗ ದನಿಯ ಮಟ್ಟ ಸಮ ಮಾಡಲೇಬೇಕು. ದನಿಯ ಮಟ್ಟವನ್ನು ಅಳೆಯುವುದು ಡೆಸಿಬಲ್‌ನಲ್ಲಿ; ಒಂದು ಡೆಸಿಬಲ್ ಜೋರಾಗಿರುವುದು ಕಿವಿಗೆ ‘ಜೋರು’ ಅನಿಸುವುದಿಲ್ಲ, ‘ಚೆಂದ’ ಅನಿಸುತ್ತದೆ. ಎಷ್ಟೋ ತಪ್ಪು ಖರೀದಿಗಳು ಇಲ್ಲಿಂದಲೇ. ಫೋನಿನ ಮೀಟರಾದರೂ ಸರಿ, ಕೂತಲ್ಲೇ ಇಟ್ಟು ಒಂದೇ ಅಂಕಿಗೆ ತನ್ನಿ, ಬೇಸು-ಟ್ರೆಬಲ್ ಸೊನ್ನೆಗೆ ತನ್ನಿ. ಒಂದೊಂದನ್ನೂ ಅರ್ಧ ಗಂಟೆ ಕೇಳಿ. ಮೊದಲ ಐದು ನಿಮಿಷ ಮಿಂಚಿದ ಸ್ಪೀಕರ್ ಇಪ್ಪತ್ತನೇ ನಿಮಿಷಕ್ಕೆ ತಲೆ ಭಾರ ಮಾಡಿದರೆ ಬಿಟ್ಟುಬಿಡಿ. ವೂಫರಿನ ಕೋನಿನ ಅಂಚು ರಬ್ಬರಿನದಿರಲಿ; ಫೋಮಿನದು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ.

ಆಂಪ್ಲಿಫೈಯರಿಗೆ ಜನ ವ್ಯಾಟ್ ನೋಡಿ ಮರುಳಾಗುತ್ತಾರೆ. ಲೆಕ್ಕ ನೋಡಿ: 1 ವ್ಯಾಟಿಗೆ 1 ಮೀಟರಿನಲ್ಲಿ 86 ಡೆಸಿಬಲ್ ಕೊಡುವ ಸ್ಪೀಕರು 2 ಮೀಟರಿನಲ್ಲಿ 80 ಕೊಡುತ್ತದೆ, ಎರಡು ಸೇರಿ 83. ಸಾಮಾನ್ಯ ಕೇಳಿಕೆ 75, ತಬಲಾದ ಏಟುಗಳಿಗೆಂದು ಮೇಲೆ 20 ಸೇರಿಸಿದರೆ 95. ಕಡಿಮೆ ಬಿದ್ದ 12 ಡೆಸಿಬಲ್‌ಗೆ ಬೇಕಾದದ್ದು 16 ವ್ಯಾಟ್. ಚಾನೆಲಿಗೆ 40 ಇದ್ದರೆ ಧಾರಾಳ. ಈ ಊರಿನ ಸೆಕೆಗೆ ಬಹಳ ಕಾಯುವ ಕ್ಲಾಸ್ ಎ ಬಗೆಯ ಆಂಪ್ಲಿಫೈಯರ್ ಬೇಡ, ಎಬಿ ಅಥವಾ ಡಿ ಸಾಕು. ಒಳಗಿನ ತಾಪ 10 ಡಿಗ್ರಿ ಏರಿದರೆ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಗೂಡಿನೊಳಗೆ ತುರುಕದೆ ಮೇಲೆ ಅರ್ಧ ಅಡಿ ಗಾಳಿ ಬಿಡಿ, ತಿಂಗಳಿಗೊಮ್ಮೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳಿಗೆ ತಿಂಗಳೂ ಹೆಚ್ಚಾಯಿತು.

ವೈರಿಗೆ ಹಣ ಸುರಿಯಬೇಡಿ, 2.5 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ಕೆಂಪು-ಕಪ್ಪು ಮಾತ್ರ ತಪ್ಪಬಾರದು. ಒಂದು ಕಡೆ ತಿರುವುಮುರುವಾದರೆ ಬೇಸು ಮಾಯವಾಗಿ ಹಾಡುಗಾರರು ಎಲ್ಲಿ ಕೂತಿದ್ದಾರೆಂದೇ ತಿಳಿಯುವುದಿಲ್ಲ. ಫೋನಿನಿಂದ ಕೇಳುವವರು ಬ್ಲೂಟೂತ್ ಬಿಟ್ಟು ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಸಂಕೇತವಾಗಿಸುವ ಚಿಕ್ಕದೊಂದು ಯುಎಸ್‌ಬಿ ಡ್ಯಾಕ್ ಹಾಕಿಕೊಳ್ಳಿ. 50 ಸಾವಿರ ರೂಪಾಯಿ ಇದ್ದರೆ 30 ಸ್ಪೀಕರಿಗೆ, 13 ಆಂಪ್ಲಿಫೈಯರಿಗೆ, 3 ಡ್ಯಾಕಿಗೆ, ಉಳಿದದ್ದು ಕೋಣೆಗೆ.

ಹಳೆ ಕ್ಯಾಸೆಟ್ಟುಗಳಿರುವ ಮನೆಗಳಿಗೆ ಒಂದು ಮಾತು. ದನಿ ಮಂಕಾಗಿದ್ದರೆ ಟೇಪು ಹೋಯಿತೆಂದು ಎಸೆಯಬೇಡಿ. ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪಕ್ಕದ ಸ್ಪ್ರಿಂಗಿರುವ ಸ್ಕ್ರೂವನ್ನು ಹಾಡು ಓಡುತ್ತಿರುವಾಗಲೇ ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿ. ಸಕಾರ ಶಕಾರ ಹರಿತವಾಗಿ ಕೇಳಿಸಿದಲ್ಲಿ ನಿಲ್ಲಿಸಿ.

ರಾತ್ರಿ 10. ಎಲ್ಲ ಕೂಡಿಸಿದ ಮೇಲೂ ಸಣ್ಣದೊಂದು ಗುಂಜು ಉಳಿದಿತ್ತು. ಸಾಮಾನುಗಳ ಪ್ಲಗ್ಗೆಲ್ಲ ಒಂದೇ ಬೋರ್ಡಿಗೆ ತಂದಾಗ ಅರ್ಧ ಹೋಯಿತು. ಅರ್ತ್ ಪಿನ್ನು ಮುರಿದು ಗುಂಜು ಕಳೆಯುವುದುಂಟು, ಅದು ಜೀವಕ್ಕೆ ಎರವು, ಮಾಡಬೇಡಿ. ಅರ್ತಿಂಗ್ ಗುಂಡಿ ಬೇಸಿಗೆಗೆ ಒಣಗಿ ಬಿರಿದಿತ್ತು, ಅದಕ್ಕೆ ಎರಡು ಕೊಡ ನೀರು ಹಾಕಿದ್ದಾಯಿತು. ಉಳಿದ ಚರಚರ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನದು: ನಡುವಿನ ಅಂಕಿಗಳಲ್ಲಿ ಕೇಳಿಸುತ್ತದೆ, ಪೂರ್ತಿ ತಿರುಗಿಸಿದಾಗ ಇಲ್ಲ. ನಾಳೆ ಅದನ್ನು ತೆಗೆದು ಕೆಪ್ಯಾಸಿಟರ್ ಮಾದರಿಯದು ಹಾಕಬೇಕು. ಅಲ್ಲಿಯವರೆಗೆ ಫ್ಯಾನು ನಿಲ್ಲಿಸಿ, ಕಿಟಕಿ ತೆರೆದು, ಬೆಳಗಿನ ಐದರ ತಂಪಿನಲ್ಲಿ ಕೇಳುವುದು.