ಕೈಗಾ, ಬಾಳೆಹಣ್ಣು ಮತ್ತು ಕಡ್ಡಿ ಮನುಷ್ಯರು

ಎಕ್ಸ್‌ಕೆಸಿಡಿ ಓದುವವರು ಕಾರವಾರದಲ್ಲಿ ಎಷ್ಟು ಜನ ಇದ್ದಾರೋ, ನನಗೆ ಗೊತ್ತಿರುವುದು ನಾವು ಮೂವರೇ. ಅದರಲ್ಲೂ ಒಬ್ಬ ಶಿರಸಿಯವನು. ಕಡ್ಡಿಯಂಥ ಕೈಕಾಲಿನ, ಕಣ್ಣುಮೂಗಿಲ್ಲದ ಮನುಷ್ಯರನ್ನು ಇಟ್ಟುಕೊಂಡು ಫಿಸಿಕ್ಸ್, ಗಣಿತ, ಕೋಡಿಂಗ್ ಬಗ್ಗೆ ತಮಾಷೆ ಮಾಡುವ ವೆಬ್‌ಕಾಮಿಕ್ ಅದು. 2005ರಲ್ಲಿ ಶುರು ಮಾಡಿದ್ದು ರಾಂಡಲ್ ಮನ್ರೋ. ಫಿಸಿಕ್ಸ್ ಓದಿ, ನಾಸಾದಲ್ಲಿ ರೋಬೋಟ್‌ಗಳ ಕೆಲಸ ಮಾಡಿದ್ದವನು.

ಮೊನ್ನೆ ಭಾನುವಾರ ಟ್ಯಾಗೋರ್ ಬೀಚಿನಲ್ಲಿ ಕೂತು, ಅವನ ಕೆಲಸದಲ್ಲಿ ಯಾವುದು ಬೆಸ್ಟ್ ಅಂತ ಶುರುವಾಯ್ತು ನೋಡಿ ಜಗಳ. ಶಿರಸಿಯವನು 'ಟೈಮ್' ಅಂದ. ಸಮುದ್ರದಂಡೆಯಲ್ಲಿ ಇಬ್ಬರು ಮರಳಿನ ಕೋಟೆ ಕಟ್ಟುವುದರಿಂದ ಹಿಡಿದು, 2013ರಲ್ಲಿ ನಾಲ್ಕು ತಿಂಗಳು ಚಿತ್ರ ಬದಲಾಗುತ್ತಲೇ ಹೋಗಿ, 3,000ಕ್ಕೂ ಜಾಸ್ತಿ ಚಿತ್ರಗಳಾದ ಕತೆ. ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಒಳ್ಳೇದೇ. ಆದರೆ ನನ್ನ ವೋಟು ವಿಕಿರಣದ ಚಾರ್ಟಿಗೆ.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆದಾಗ, ರಿಯಾಕ್ಟರ್ ನಡೆಸುವ ಗೆಳತಿಯೊಬ್ಬಳ ಸಹಾಯ ತಗೊಂಡು ಮಾಡಿದ್ದು ಅದು. ಯಾವುದರಿಂದ ಮೈಗೆ ಎಷ್ಟು ವಿಕಿರಣ ಅಂತ ತೋರಿಸುವ ಚಿಕ್ಕ ಚಿಕ್ಕ ಚೌಕಗಳು, ಅಷ್ಟೇ. ಒಂದು ಬಾಳೆಹಣ್ಣು ತಿಂದರೆ 0.1 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ ಸೀವರ್ಟ್, ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಇದು). ಅಣುಸ್ಥಾವರದಿಂದ 50 ಮೈಲಿ, ಅಂದರೆ 80 ಕಿಲೋಮೀಟರ್ ಒಳಗೆ ವರ್ಷವಿಡೀ ಇದ್ದರೆ 0.09. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಹತ್ತಿರ ಅಷ್ಟೇ ದಿನ ಇದ್ದರೆ 0.3! ಎದೆಯ ಎಕ್ಸ್‌ರೇ 20.

ಬೇರೆ ಊರಿನವರಿಗೆ ಇದು ಸುಮ್ನೆ ತಮಾಷೆ ಇರಬಹುದು. ನಮಗೆ ಕೈಗಾ ಇದೆ. ಕಾಳಿ ನದಿಯ ದಂಡೆಯಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕದ ಅಣುಸ್ಥಾವರ. ನಾವು ಸಣ್ಣವರಿದ್ದಾಗಿಂದ ಅದರ ಬಗ್ಗೆ ಕೇಳಿದ್ದು ಒಂದೋ 'ಏನೂ ಆಗಲ್ಲ', ಇಲ್ಲಾ 'ಎಲ್ಲಾ ಮುಗೀತು'. ಎಷ್ಟು ಅಂತ ಅಳತೆ ಹೇಳಿದವರು ಯಾರೂ ಇರಲಿಲ್ಲ.

ಶಿರಸಿಯವನು 'ಅದು ನಿಮ್ಮ ತಲೆನೋವು ಮಾರಾಯಾ' ಅಂತ ಬನ್ಸ್ ಮುರಿಯುತ್ತಾ ಕೂತಿದ್ದ. ಮೊಬೈಲಿನ ಮ್ಯಾಪಿನಲ್ಲಿ ಕೈಗಾದಿಂದ ನೇರ ಗೆರೆ ಎಳೆದು ತೋರಿಸಿದೆ. ಶಿರಸಿಯೂ 80ರ ಒಳಗೇ. ಕೈಲಿದ್ದ ಬನ್ಸಿನ ಹಿಟ್ಟಿಗೂ ಬಾಳೆಹಣ್ಣೇ ಕಿವುಚಿ ಹಾಕಿರುತ್ತಾರೆ, ಅಲ್ವಾ?

ನಮ್ಮ ಮೂರನೆಯವಳು ಒಪ್ಪಲಿಲ್ಲ. 'ಇದೆಲ್ಲ ಸ್ಥಾವರ ಸರಿಯಾಗಿ ನಡೆಯುವ ದಿನದ ಲೆಕ್ಕ. ಅದೇ ಚಾರ್ಟಿನ ಕೆಳಗೆ ಚೆರ್ನೋಬಿಲ್ ನೋಡು, ಸ್ಫೋಟವಾದ ರಿಯಾಕ್ಟರ್‌ನ ಒಡಲು, ಅದೇ ಕೋರ್ ಪಕ್ಕ ಹತ್ತು ನಿಮಿಷಕ್ಕೆ 50 ಸೀವರ್ಟ್. ಅದಕ್ಕೆ ಬಾಳೆಹಣ್ಣಿನ ಲೆಕ್ಕ ಹೇಳ್ತೀಯಾ?' ಅಂದಳು. ಮಾತು ಖರೆ. ಇಂಟರ್ನೆಟ್ಟಿನ ಚಿತ್ರ ನಂಬಿಕೊಂಡು ಸುರಕ್ಷತೆಯ ನಿರ್ಧಾರ ಮಾಡಿದರೆ ಹೊಣೆ ನಿಮ್ಮದೇ ಅಂತ ಮನ್ರೋನೇ ಅದರಲ್ಲಿ ಬರೆದಿದ್ದಾನೆ. ಆದರೂ ಅವಳ ವಾದಕ್ಕೂ ಅಂಕಿ ಸಿಕ್ಕಿದ್ದು ಅದೇ ಚಾರ್ಟಿನಿಂದ ತಾನೇ, ಅದಕ್ಕೇ ನಾನು ವೋಟು ಬದಲಿಸಲಿಲ್ಲ.

ಅಷ್ಟರಲ್ಲಿ ಶಿರಸಿಯವನು ಅದನ್ನು ಮನೆಗೆ ವಾಟ್ಸಾಪ್ ಮಾಡಿಬಿಟ್ಟಿದ್ದ. 'ಹಂಗಾರೆ ಬಾಳೆಹಣ್ಣು ತಿಂಬದು ಬ್ಯಾಡ್ದಾ?' ಅಂತ ಅವನ ಆಯಿಯ ಉತ್ತರ ಬಂತು. ಬಾಳೆಹಣ್ಣಿನಲ್ಲಿ ಸಹಜವಾಗಿಯೇ ಇದ್ದು ವಿಕಿರಣ ಸೂಸುವ ಪೊಟ್ಯಾಸಿಯಂ-40 ಅಂದರೆ ಏನು ಅಂತ ಅವನು ಉದ್ದಕ್ಕೆ ಟೈಪ್ ಮಾಡುತ್ತಾ ಕೂತ, ಉಳಿದ ಬನ್ಸ್ ನಾವಿಬ್ಬರೂ ಖಾಲಿ ಮಾಡಿದೆವು.